ದೊರೆ ವಾದ್ಯಕ್ಕೆ ಬೆಲೆ ಕಟ್ಟಿಸಿದ್ದು

ಹೋದ ವಾರ ಟೊಮೆಟೊ ಎಲೆ ಮುದುರು ರೋಗದ ಬಗ್ಗೆ ಬರೆದು, ಉಳಿದದ್ದು ಮುಂದಿನ ಸಲ ಅಂದಿದ್ದೆ. ಅದು ಇನ್ನೊಂದು ವಾರ ತಡೀಲಿ. ಈ ಸಲ ಬೆಳೆ ವಿಷಯ ಅಲ್ಲ, ಒಂದು ಹಳೇ ಮ್ಯಾಂಡೊಲಿನ್ ವಿಷಯ. ಇವನಿಗೂ ಮ್ಯಾಂಡೊಲಿನ್‌ಗೂ ಏನು ಸಂಬಂಧ ಅಂತ ನಗಬೇಡಿ. ಹಳೇ ಸಾಮಾನು ಅಟ್ಟದ ಮೇಲೆ ಇಟ್ಕೊಂಡಿರೋ ಮನೆಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ. ಅದನ್ನ ನೋಡಿ ಲಕ್ಷ ಅನ್ನೋರೂ ಬೇಕಾದಷ್ಟಿದ್ದಾರೆ. ಅದಕ್ಕೇ ಬರೀತಿದ್ದೀನಿ.

ಶಿವರಾತ್ರಿ ಆಗಿ ನಾಲ್ಕು ದಿನಕ್ಕೆ ನಮ್ಮ ಚಿಕ್ಕಮ್ಮ ಫೋನ್ ಮಾಡಿಸಿದ್ರು. ಆ ಮನೆಯಿಂದ ನಮ್ಮ ಮನೆಗೆ ಫೋನ್ ಬರೋದೇ ಅಪರೂಪ. 'ಲೋ ಮಗಾ, ನನಗೂ ವಯಸ್ಸಾಯ್ತು. ಆ ದೊರೆ ವಾದ್ಯ ತಗೊಂಡೋಗು. ಅದೆಷ್ಟು ಬೆಲೆ ಬಾಳ್ತೈತೋ ನೋಡಿಸು. ಮಾರಿ ಎರಡು ಮನೆಗೂ ಅರ್ಧರ್ಧ ಮಾಡು. ಅದೊಂದು ಋಣ ತೀರೋಗ್ಲಿ' ಅಂದ್ರು. ನಾನು ಸುಮ್ಮನೆ ನಿಂತ್ಬಿಟ್ಟೆ. ಆ ವಾದ್ಯದ ಹೆಸರನ್ನ ನಮ್ಮ ಮನೇಲಿ ಜೋರಾಗಿ ಹೇಳಿ ಎಷ್ಟೋ ವರ್ಷ ಆಗಿತ್ತು.

ಹೊಸಬರಿಗೆ ಸ್ವಲ್ಪ ಹಿಂದಿನದು ಹೇಳ್ಬೇಕು. ನಮ್ಮ ತಾತ ಕೆಜಿಎಫ್‌ನಲ್ಲಿ ಒಂದು ಬಂಗಲೆ ಮಾಲಿ. ಗಣಿ ಒಳಗೆ ಇಳಿದವರಲ್ಲ, ಮೇಲೆ ಗುಲಾಬಿ ಗಿಡ ನೋಡ್ಕೊಂಡಿದ್ದವರು. ಕೆಜಿಎಫ್ ಅಂದ್ರೆ ಈಗಿನ ಹುಡುಗರಿಗೆ ಸಿನಿಮಾ. ಆಗ ಅದಕ್ಕೆ ಲಿಟಲ್ ಇಂಗ್ಲೆಂಡ್ ಅಂತ ಹೆಸರು. 1880ರಿಂದ ಜಾನ್ ಟೇಲರ್ ಕಂಪನಿಯವರು ಗಣಿ ನಡೆಸಿದ್ರು, 1902ಕ್ಕೇ ಶಿವನಸಮುದ್ರದಿಂದ ಕರೆಂಟು ಬಂತು. ನಮ್ಮೂರಿಗೆ ಕರೆಂಟು ಬಂದಿದ್ದು ನನಗೆ ನೆನಪಿರೋ ಕಾಲದಲ್ಲಿ! ದೊರೆಗಳಿಗೆ ಕ್ಲಬ್ಬು, ಡ್ಯಾನ್ಸು, ಬ್ಯಾಂಡು ಎಲ್ಲ ಇತ್ತು. 1956ರಲ್ಲಿ ಗಣಿಯನ್ನ ಮೈಸೂರು ಸರ್ಕಾರ ತಗೊಂಡ ಮೇಲೆ ದೊರೆಗಳು ಒಬ್ಬೊಬ್ಬರಾಗಿ ಹೊರಟರು. ನಮ್ಮ ತಾತ ಕೆಲಸ ಮಾಡ್ತಿದ್ದ ಬಂಗಲೆ ದೊರೆ ಹೋಗುವಾಗ ಒಂದು ಕುರ್ಚಿ, ಎರಡು ಹೂಜಿ, ಒಂದು ಕರೀ ಪೆಟ್ಟಿಗೆ ಕೊಟ್ಟು ಹೋದನಂತೆ. ಪೆಟ್ಟಿಗೆ ಒಳಗೆ ಮ್ಯಾಂಡೊಲಿನ್. ನಮ್ಮೂರಲ್ಲಿ ಆ ಹೆಸರು ಯಾರ ಬಾಯಲ್ಲೂ ತಿರುಗದೆ ಅದು ದೊರೆ ವಾದ್ಯ ಆಯ್ತು.

ತಾತನಿಗೆ ಇಬ್ಬರು ಮಕ್ಕಳು, ನಮ್ಮಪ್ಪ, ಚಿಕ್ಕಪ್ಪ. 1979ರಲ್ಲಿ ಭಾಗ ಆಯ್ತು. ನಾನಾಗ ನಾಲ್ಕನೇ ಕ್ಲಾಸು. ಜಮೀನು ಸಮ ಅರ್ಧ. ಅಪ್ಪನಿಗೆ ಎತ್ತಿನ ಜೊತೆ ಬಂತು, ಚಿಕ್ಕಪ್ಪನಿಗೆ ಹಸು ಕರು ಮತ್ತೆ ಆ ವಾದ್ಯ. ಚಿಕ್ಕಪ್ಪ ಅದನ್ನ ತಾನೇ ಕಲಿತು ಭಜನೆ ಮನೇಲಿ ನುಡಿಸೋನು. ಹಾರ್ಮೋನಿಯಂ ಮೇಷ್ಟ್ರು ಬರದಿದ್ದ ದಿನ ಅವನೇ ಎಲ್ಲ.

ಆಮೇಲೆ ಮ್ಯಾಂಡೊಲಿನ್ ಶ್ರೀನಿವಾಸ್ ಹೆಸರು ಬಂತು. ಪಾಲಕೊಲ್ಲು ಕಡೆ ಹುಡುಗ, 1969ರಲ್ಲಿ ಹುಟ್ಟಿದವರು, ನನ್ನ ವಾರಿಗೆಯವರೇ. ಚಿಕ್ಕ ಹುಡುಗ ಆ ಪುಟ್ಟ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸ್ತಾನೆ ಅಂತ ಕ್ಯಾಸೆಟ್ ಎಲ್ಲ ಕಡೆ ಓಡಾಡ್ತು. ಅಲ್ಲಿಗೆ ನಮ್ಮೂರಲ್ಲೂ ಮಾತು ಶುರು ಆಯ್ತು. ದೊರೆ ವಾದ್ಯ ಇಟಲಿದಂತೆ, ಲಕ್ಷ ಬಾಳ್ತದಂತೆ, ತಮ್ಮ ಅಣ್ಣಂಗೆ ಟೋಪಿ ಹಾಕ್ದ ಅಂತ. ಯಾರು ಮೊದಲು ಅಂದ್ರೋ ದೇವರಿಗೇ ಗೊತ್ತು. 1987ರಲ್ಲಿ ನಮ್ಮತ್ತೆ ಮಗಳ ಮದುವೇಲಿ ಅಪ್ಪ ಊಟದ ಪಂಕ್ತೀಲೇ ಅದನ್ನ ಎತ್ತಿದ. ಚಿಕ್ಕಪ್ಪ ಎಲೆ ಬಿಟ್ಟು ಎದ್ದು ಹೋದ. ಅವತ್ತಿಂದ ಇಬ್ಬರೂ ಮಾತಾಡ್ಲಿಲ್ಲ. 2011ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಅಪ್ಪ ಸೀದಾ ಗುಂಡಿ ಹತ್ರ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದ, ಮನೆ ಒಳಗೆ ಕಾಲಿಡಲಿಲ್ಲ. 2016ರಲ್ಲಿ ಅಪ್ಪನೂ ಹೋದ.

ಇಷ್ಟು ಹಿಂದಿನದು. ಚಿಕ್ಕಮ್ಮನ ಫೋನ್ ಬಂದ ಮೇಲೆ ಹೋಗಿ ಪೆಟ್ಟಿಗೆ ತಂದೆ. ಅಡುಗೆ ಮನೆ ಅಟ್ಟದ ಮೇಲಿತ್ತು, ಹೊಗೆ ಕುಡಿದು ಕುಡಿದು ಅಂಟಂಟಾಗಿತ್ತು. ತೆಗೆದು ನೋಡಿದ್ರೆ ಉದ್ದ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಹಿಂದುಗಡೆ ಸೋರೆ ಬುರುಡೆ ಅರ್ಧ ಸೀಳಿದ ಹಾಗೆ ಉಬ್ಬು, ಪಟ್ಟಿ ಪಟ್ಟಿ ಮರ ಜೋಡಿಸಿ ಮಾಡಿದ್ದು. ಮುಂದುಗಡೆ ಚಪ್ಪಟೆ ಹಲಗೆ, ಮಧ್ಯೆ ಮೊಟ್ಟೆ ಆಕಾರದ ತೂತು, ತೂತಿನ ಸುತ್ತ ಕಪ್ಪೆಚಿಪ್ಪಿನ ಚೂರು. ತಲೇಲಿ ಎಂಟು ಬಿರಡೆ, ಆದರೆ ಇದ್ದ ತಂತಿ ನಾಲ್ಕೇ, ಅವೂ ತುಕ್ಕು ಹಿಡಿದಿದ್ವು. ಮುಂದಿನ ಹಲಗೆ ಸೀದಾ ಇರಲಿಲ್ಲ. ತಂತಿ ಕೂರೋ ಕುದುರೆ ಹತ್ರ ಮಡಚಿದ ಹಾಗೆ ಕೆಳಗೆ ಬಾಗಿತ್ತು. ಬಿಸಿಲಿಗೆ ಸೊಟ್ಟಗಾಗಿದೆ ಅಂದ್ಕೊಂಡು, ಒದ್ದೆ ಬಟ್ಟೆ ಹಾಕಿ ಗುಂಡುಕಲ್ಲು ಹೇರಿ ಸರಿ ಮಾಡೋಣ ಅಂತ ಯೋಚನೆ ಮಾಡಿದ್ದೆ. ಕೆಲಸದ ಗಡಿಬಿಡೀಲಿ ಮರೆತೆ. ಮರೆತಿದ್ದೇ ಒಳ್ಳೇದಾಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಅಕ್ಕನ ಮಗ ಕಾಲೇಜು ಹುಡುಗ, ಗಿಟಾರ್ ಬಾರಿಸ್ತಾನೆ. 'ಮಾವ, ಎಂಟೂ ತಂತಿ ಹಾಕಿ ಫೋಟೋ ತೆಗೆದ್ರೆ ರೇಟು ಬರ್ತದೆ' ಅಂದ. ಅಂಗಡಿಯಿಂದ ದಪ್ಪ ತಂತಿ ತಂದ. ಫೋನಲ್ಲಿ ಶ್ರುತಿ ನೋಡೋ ಆ್ಯಪ್ ಇಟ್ಕೊಂಡು ಎಂಟನ್ನೂ ಬಿಗಿ ಮಾಡಿದ. ನಿಜ ಹೇಳ್ತೀನಿ, ಆ ಸಂಜೆ ಅದರ ನಾದ ಕೇಳಿ ನನಗೆ ಮೈ ಜುಮ್ ಅಂತು. ಮೂರನೇ ರಾತ್ರಿ ಮಲಗಿದ್ದಾಗ ಒಳಗಿಂದ ಟಕ್ ಅಂತ ಸದ್ದು. ಒಣಗಿದ ಸೌದೆ ಬಿರುಕು ಬಿಟ್ಟ ಹಾಗೆ. ಬೆಳಗ್ಗೆ ನೋಡಿದ್ರೆ ತೂತಿನ ಪಕ್ಕ ಹಲಗೆ ಕುಸಿದಿದೆ, ಹಿಂದೆ ಎರಡು ಪಟ್ಟಿ ಮಧ್ಯೆ ಉಗುರು ತೂರೋಷ್ಟು ಬಾಯಿ ಬಿಟ್ಟಿದೆ. ನಲವತ್ತಾರು ವರ್ಷ ಆ ಮನೇಲಿ ನೆಟ್ಟಗಿದ್ದದ್ದು ನಮ್ಮ ಮನೆಗೆ ಬಂದು ಐದು ದಿನಕ್ಕೆ ಮುರೀತು. ಊಟ ಸೇರಲಿಲ್ಲ ನನಗೆ.

ಅಷ್ಟರಲ್ಲಿ ಹುಡುಗ ಫೋಟೋವನ್ನ ಯಾವುದೋ ಮಾರೋ ಕೊಳ್ಳೋ ಗುಂಪಿಗೆ ಹಾಕಿಯಾಗಿತ್ತು. ಮಾರನೇ ದಿನ ಒಂದು ಫೋನು. 'ಇದು ಇಟಲಿ ಆಂಟಿಕ್ ಪೀಸ್ ಸಾರ್, ನಮ್ಮ ಪಾರ್ಟಿ ಎಂಟು ಲಕ್ಷಕ್ಕೆ ರೆಡಿ ಇದ್ದಾರೆ. ಆದರೆ ಟೆಸ್ಟಿಂಗ್ ರಿಪೋರ್ಟ್ ಬೇಕು, ಅದಕ್ಕೆ ಹನ್ನೆರಡು ಸಾವಿರ ಹಾಕಿ' ಅಂದ. ಈ ಮಾತು ನಿಮಗೂ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅಕ್ಕಿ ಎಳೆಯೋ ಚೊಂಬು, ಎರಡು ತಲೆ ಹಾವು, ಎಲ್ಲದಕ್ಕೂ ಇದೇ ರಾಗ. ಮೊದಲು ಟೆಸ್ಟಿಂಗ್ ದುಡ್ಡು ಕೊಡ್ಬೇಕು. ಅದಕ್ಕೆ ಬಿದ್ದವರನ್ನ ನೋಡಿ ನಾನೇ ನಕ್ಕಿದ್ದೀನಿ. ಆದರೆ ಬೋರ್‌ವೆಲ್ ಸಾಲ ತಲೆ ಮೇಲಿತ್ತು, ಅರ್ಧ ಅಂದ್ರೂ ನಾಲ್ಕು ಲಕ್ಷ. ಫೋನಲ್ಲಿ ನಂಬರ್ ಒತ್ತಿ, ಪಿನ್ ಹಾಕೋ ತನಕ ಹೋಗಿದ್ದೆ. ನಮ್ಮ ಮನೆಯವಳು ಪಕ್ಕದಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದವಳು, 'ಹಸು ನೋಡ್ದೆ ಹಾಲಿನ ರೇಟ್ ಹೇಳೋನು ಯಾವನ್ರೀ ಅವನು?' ಅಂದಳು. ಕೈ ನಿಂತೋಯ್ತು.

ಅವಳ ಮಾತೇ ಸರಿ. ಹಸು ಕೊಳ್ಳಬೇಕಾದ್ರೆ ನಾವು ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ಟಿ ನೋಡ್ತೀವಿ, ನಡೆಸಿ ನೋಡ್ತೀವಿ. ಮಾರೋನು ಹೇಳೋ ಕತೆಗೆ ದುಡ್ಡು ಕೊಡಲ್ಲ. ಹಾಗಾದ್ರೆ ಮ್ಯಾಂಡೊಲಿನ್‌ಗೆ ಹಲ್ಲು ಎಲ್ಲಿರುತ್ತೆ?

ಒಂದು ಭಾನುವಾರ ಬಿಟ್ಟು ಸೋಮವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಬಳೇಪೇಟೆಗೆ ನಡ್ಕೊಂಡು ಹೋದೆ. ಅಲ್ಲಿ ವಾದ್ಯದ ಅಂಗಡಿಗಳು ಸಾಲಾಗಿವೆ. ಮೂರು ಅಂಗಡೀಲಿ 'ಇಂಥದ್ದು ನಾವು ಮುಟ್ಟಲ್ಲ' ಅಂದ್ರು. ನಾಲ್ಕನೆಯವರು ಒಂದು ಗಲ್ಲಿ ತೋರಿಸಿದ್ರು. ಮಹಡಿ ಮೇಲೆ ಒಂದು ಸಣ್ಣ ರೂಮು, ಎಪ್ಪತ್ತು ದಾಟಿದ ಒಬ್ಬ ಯಜಮಾನರು ಪಿಟೀಲಿಗೆ ಅಂಟು ಹಾಕ್ತಾ ಕೂತಿದ್ರು. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯಲ್ಲ. ಮೇಷ್ಟ್ರು ಅಂತೀನಿ.

ಪೆಟ್ಟಿಗೆ ತೆಗೆದು ಮುಂದಿಟ್ಟೆ. ಅವರು ಮೊದಲು ಮಾಡಿದ ಕೆಲಸ, ಎಂಟೂ ಬಿರಡೆ ತಿರುಗಿಸಿ ತಂತಿ ಸಡಿಲ ಮಾಡಿದ್ದು. 'ಯಾರು ಸ್ವಾಮಿ ಇಷ್ಟು ದಪ್ಪ ತಂತಿ ಹಾಕಿದ್ದು?' ಅಂದ್ರು. ನಾವೇ ಅಂದೆ. 'ಎಂಟು ತಂತಿ ಬಿಗಿದ್ರೆ ಎಷ್ಟು ಭಾರ ಎಳೀತದೆ ಗೊತ್ತಾ?' ಅಂತ ಕೇಳಿ ಅವರೇ ಲೆಕ್ಕ ಹೇಳಿದ್ರು. 50 ಕೇಜಿಗಿಂತ ಜಾಸ್ತಿ. ಅಂದ್ರೆ ಒಂದು ಡಿಎಪಿ ಮೂಟೇನ ಹಗಲು ರಾತ್ರಿ ಆ ತೆಳು ಹಲಗೆಗೆ ನೇತು ಹಾಕಿದ ಹಾಗೆ. ಬುರುಡೆ ಮ್ಯಾಂಡೊಲಿನ್ ಮಾಡಿದ ಕಾಲದಲ್ಲಿ ಕೂದಲಿನ ಹಾಗೆ ತೆಳು ತಂತಿ ಹಾಕ್ತಿದ್ರಂತೆ. ಈಗ ಅಂಗಡೀಲಿ ಸಿಗೋದು ಬೇರೆ ಗಟ್ಟಿ ಮ್ಯಾಂಡೊಲಿನ್‌ಗೆ ಮಾಡಿದ್ದು. ಹಳೇ ಬುರುಡೆಗೆ ಅದನ್ನ ಹಾಕಿದ್ರೆ ಹಲಗೆ ಕುಸಿಯುತ್ತೆ, ಇಲ್ಲಾ ಕತ್ತು ಬಾಗುತ್ತೆ. ಅಟ್ಟದ ಮೇಲಿಂದ ಯಾವ ತಂತಿವಾದ್ಯ ಇಳಿಸಿದ್ರೂ ನೋಡಿಸೋ ತನಕ ತಂತಿ ಬಿಗೀಬೇಡಿ. ನಮ್ಮ ಮನೇಲಿ ಅದು ಮುರಿದ ಮೇಲೆ ಕಲಿತ ಪಾಠ.

ನಾನು ಆ ಬಾಗಿದ ಹಲಗೆ ತೋರಿಸಿ, ಇದು ಬಿಸಿಲಿಗೆ ಆಗಿದ್ದಾ ಅಂದೆ. ನಕ್ಕುಬಿಟ್ರು. ಅದು ಕಾಯಿಸಿ ಬೇಕಂತಲೇ ಮಡಚಿರೋದಂತೆ. ಕುದುರೆ ಹಿಂದೆ ಹಲಗೆ ಹಾಗೆ ಬಾಗಿದ್ರೆ ತಂತಿ ಭಾರ ತಡೆಯೋಕೆ ಬಲ ಬರುತ್ತೆ. ನೇಪಲ್ಸ್ ಊರಿನ ಕಸುಬುದಾರರು ತಂದ ಪದ್ಧತಿ. ನನ್ನ ಗುಂಡುಕಲ್ಲಿನ ವಿಷಯ ನಾನು ಹೇಳಲಿಲ್ಲ.

ಆಮೇಲೆ ಹಲ್ಲು ನೋಡೋ ಕೆಲಸ ಶುರು. ಮೊದಲು ತೂತಿನ ಒಳಗೆ ಟಾರ್ಚ್ ಬಿಟ್ಟು ಚೀಟಿ ನೋಡಿದ್ರು. ಬೆಳ್ಳಿಹುಳ ಮುಕ್ಕಾಲು ತಿಂದಿತ್ತು. ಒಂದು ಸಾಲಿನ ಕೊನೇಲಿ ಟ-ಎ-ಎನ್-ಐ-ಎ ಅಂತ ಅಕ್ಷರ, ಅದರ ಕೆಳಗೆ ಇಂಗ್ಲಿಷಲ್ಲಿ ಮೇಡ್ ಇನ್ ಇಟಲಿ. 'ಕಟಾನಿಯಾ' ಅಂದ್ರು. ಇಟಲಿ ದೇಶದ ಕೆಳಗಡೆ ಸಿಸಿಲಿ ಅಂತ ದ್ವೀಪ ಇದೆ, ಅಲ್ಲಿನ ಊರು. ನೇಪಲ್ಸ್‌ನಲ್ಲಿ ದೊಡ್ಡ ಮನೆತನದವರು ಒಂದೊಂದನ್ನೇ ಕೂತು ಮಾಡಿದ್ರೆ, ಕಟಾನಿಯಾದಲ್ಲಿ ಕಾರ್ಖಾನೆಗಳು ರಾಶಿ ರಾಶಿ ಮಾಡಿ ಹಡಗಿಗೆ ತುಂಬಿ ಪ್ರಪಂಚಕ್ಕೆಲ್ಲ ಕಳಿಸ್ತಿದ್ವು. ಮೇಡ್ ಇನ್ ಇಟಲಿ ಅಂತ ಇಂಗ್ಲಿಷಲ್ಲಿ ಬರೆದಿರೋದೇ ಒಂದು ಗುರುತು, ಇಟಲಿಯವರು ತಮ್ಮೂರಲ್ಲಿ ಮಾರೋಕೆ ಹಾಗೆ ಬರೆಯಲ್ಲ. 1887ರಲ್ಲಿ ಬ್ರಿಟನ್‌ನವರು, 1890ರಲ್ಲಿ ಅಮೆರಿಕದವರು ಹೊರದೇಶದ ಮಾಲಿನ ಗುರುತಿನ ಬಗ್ಗೆ ಕಾನೂನು ತಂದರು, ಅದಾದ ಮೇಲೆ ಸಾಮಾನಿನ ಮೇಲೆ ದೇಶದ ಹೆಸರು ಹಾಕೋದು ಜಾಸ್ತಿ ಆಯ್ತು. ಹಂಗಾಗಿ ನಮ್ಮದು ಅದಕ್ಕಿಂತ ಈಚೆಯದು, 1900ರಿಂದ 1920ರ ಒಳಗಿನದು ಇರಬೇಕು ಅಂದ್ರು.

ಎರಡನೇದು ಪಟ್ಟಿ ಎಣಿಸೋದು. ಬುರುಡೆ ಹಿಂದಿನ ಪಟ್ಟಿ ಮೇಲೆ ಒಂದೊಂದಕ್ಕೂ ಸೀಮೆಸುಣ್ಣದ ಚುಕ್ಕಿ ಇಟ್ಟು ಎಣಿಸಿದ್ರು. ಹದಿನೈದು. ಒಳ್ಳೇ ಕಸುಬುದಾರ ಮಾಡಿದ್ದಾದ್ರೆ ಇಪ್ಪತ್ತೈದು, ಮೂವತ್ತು ಸಣ್ಣ ಪಟ್ಟಿ ಇರ್ತವೆ. ಪ್ರತಿ ಪಟ್ಟೀನೂ ಮಧ್ಯೆ ತೋಡಿ ಕಾಲುವೆ ಹಾಗೆ ಮಾಡಿರ್ತಾರೆ. ನಮ್ಮದು ಅಗಲ ಪಟ್ಟಿ, ಸಾದಾ. ನಾನು ಬೀಟೆ ಮರ ಅಂತ ಹೆಮ್ಮೆಯಿಂದ ಅಂದೆ. ಅವರು ಒಂದು ಗೀರು ಬಿದ್ದ ಜಾಗ ತೋರಿಸಿದ್ರು. ಗೀರಿನ ಒಳಗೆ ಬಿಳೀ ಮರ. ಮೇಲೆ ಬೀಟೆ ಬಣ್ಣ ಬಳಿದಿರೋದು. ತೂತಿನ ಒಳಗಿಂದ ನೋಡಿದ್ರೂ ಬಿಳಿಯೇ. ಬೀಟೆ ಹಸ್ತ ಪೂರ್ತಿ ಕರೀ ಕೆಂಪು ಅಂತ ಬಾಗಿಲು ಮಾಡಿಸಿದ ಯಾರಿಗಾದ್ರೂ ಗೊತ್ತು. ನಾನು ಮೇಲಿನ ಬಣ್ಣಕ್ಕೆ ಮೋಸ ಹೋಗಿದ್ದೆ.

ತೂತಿನ ಕೆಳಗೆ ಚಿಟ್ಟೆ ಆಕಾರದ ಕಂದು ತಗಡು ಕೂರಿಸಿದ್ರು. ಮೀಟುವಾಗ ಹಲಗೆ ಸವೆಯದ ಹಾಗೆ. ಹುಡುಗ ಇದು ಆಮೆ ಚಿಪ್ಪು, ಸೂಜಿ ಕಾಯಿಸಿ ಚುಚ್ಚಿದ್ರೆ ಗೊತ್ತಾಗುತ್ತೆ ಅಂತ ಯೂಟ್ಯೂಬ್‌ನಲ್ಲಿ ನೋಡಿದ್ದ. ಮೇಷ್ಟ್ರು ಕೇಳಿ ಹೌಹಾರಿದ್ರು. ಅದು ಸೆಲ್ಯುಲಾಯ್ಡ್, ಹಳೇ ಸಿನಿಮಾ ರೀಲು ಮಾಡ್ತಿದ್ದ ಪದಾರ್ಥ, ಕಿಡಿ ತಾಗಿದ್ರೆ ಭಗ್ಗನೆ ಹತ್ತಿಕೊಳ್ಳುತ್ತೆ. ಬಟ್ಟೇಲಿ ಚೆನ್ನಾಗಿ ಉಜ್ಜಿ ನನ್ನ ಮೂಗಿಗೆ ಹಿಡಿದ್ರು, ಕರ್ಪೂರದ ವಾಸನೆ ಬಂತು. ಅಷ್ಟು ಸಾಕು ಗುರುತಿಗೆ. ನಿಜವಾದ ಆಮೆ ಚಿಪ್ಪೋ ಆನೆ ದಂತವೋ ಆಗಿದ್ರೆ ಮಾರೋ ಮಾತೇ ಎತ್ತೋ ಹಾಗಿಲ್ಲ, ವನ್ಯಜೀವಿ ಕಾನೂನು ಹಿಡ್ಕೊಳ್ಳುತ್ತೆ. ನಿಮ್ಮ ಅಟ್ಟದ ಮೇಲೆ ಅಂಥದ್ದೇನಾದ್ರೂ ಇದ್ರೆ ಫೋಟೋ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಇಲ್ಲಿ ತನಕ ಅವರು ವಾದ್ಯದ ವಿಷಯ ಹೇಳ್ತಿದ್ರು. ಆಮೇಲೆ ಹೇಳಿದ್ದು ನಮ್ಮ ಚಿಕ್ಕಪ್ಪನ ವಿಷಯ. ಅವನನ್ನ ಅವರು ಕಂಡೇ ಇಲ್ಲ.

ಬಿರಡೆ ಹಲ್ಲುಚಕ್ರ ನೋಡಿ, 'ಇದನ್ನ ನುಡಿಸ್ತಿದ್ದವರು ನಾಲ್ಕೇ ತಂತಿ ಹಾಕ್ತಿದ್ರು ಅಲ್ವಾ?' ಅಂದ್ರು. ಹೌದು ಮೇಷ್ಟ್ರೇ, ನಿಮಗೆ ಹೆಂಗೆ ಗೊತ್ತು ಅಂದೆ. ನಾಲ್ಕು ಚಕ್ರದ ಹಲ್ಲು ಸವೆದು ಹೊಳೀತಿದ್ವು. ಉಳಿದ ನಾಲ್ಕರಲ್ಲಿ ಹಳೇ ಗ್ರೀಸು ಹಂಗೇ ಕಲ್ಲಾಗಿತ್ತು. ಮ್ಯಾಂಡೊಲಿನ್‌ನಲ್ಲಿ ತಂತಿ ಜೋಡಿ ಜೋಡಿ, ಎರಡೆರಡು ಒಂದೇ ಶ್ರುತಿ. ಅವರ ಸಂಗೀತಕ್ಕೆ ಅದು ಸರಿ. ನಮ್ಮ ಸಂಗೀತದಲ್ಲಿ ಗಮಕಕ್ಕೆ ತಂತೀನ ಎಳೀಬೇಕು, ಜೋಡಿ ತಂತಿ ಎಳೆದ್ರೆ ಬೆರಳೂ ಕುಯ್ಯುತ್ತೆ, ಶ್ರುತಿಯೂ ಎರಡಾಗುತ್ತೆ. ಶ್ರೀನಿವಾಸ್ ಅವರೂ ಜೋಡಿ ಬಿಟ್ಟು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು. ನಮ್ಮ ಚಿಕ್ಕಪ್ಪನಿಗೆ ಇದನ್ನ ಹೇಳಿಕೊಟ್ಟವರು ಯಾರೂ ಇಲ್ಲ. ಭಜನೆ ಮಾಡ್ತಾ ಮಾಡ್ತಾ ಬೆರಳು ನೊಂದು ತಾನೇ ಕಂಡ್ಕೊಂಡಿರಬೇಕು. ಮೆಟ್ಟಿಲುಗಳ ಮಧ್ಯದ ಮರ ತೋರಿಸಿದ್ರು, ತಂತಿ ಅಡ್ಡಕ್ಕೆ ಎಳೆದೆಳೆದು ಅಲ್ಲಿ ಮರ ಮಿರಮಿರ ಅಂತಿತ್ತು. 'ಕಲಿಯದವರ ಕೈ ಅಲ್ಲ ಇದು. ದಿನಾ ನುಡಿಸಿದ್ದಾರೆ' ಅಂದ್ರು.

ಇನ್ನೊಂದು ಮಾತೂ ಹೇಳಿದ್ರು. ಆ ಕಾಲದಲ್ಲೂ ಅವನಿಗೆ ಸಿಕ್ಕಿದ್ದು ದಪ್ಪ ತಂತಿಯೇ ಇರಬೇಕಂತೆ. ಎಂಟೂ ಹಾಕಿದ್ರೆ 1980ರಲ್ಲೇ ಹಲಗೆ ಕುಸೀತಿತ್ತು. ನಾಲ್ಕೇ ಹಾಕಿದ್ದಕ್ಕೆ ಭಾರ ಅರ್ಧ ಆಗಿ ಇಷ್ಟು ವರ್ಷ ಬಾಳ್ತು. ಅಟ್ಟದ ಹೊಗೇಲಿ ಗೆದ್ದಲು, ಕೊರಕ ಹುಳ ಮುಟ್ಟಲಿಲ್ಲ. ಚಿಕ್ಕಪ್ಪನಿಗೆ ವಾದ್ಯ ಇಟ್ಕೊಳ್ಳೋಕೆ ಬರಲ್ಲ, ಅರ್ಧ ತಂತಿ ಕಿತ್ತು ಹಾಳು ಮಾಡಿದ ಅಂತ ನಮ್ಮ ಮನೇಲಿ ಆಡ್ಕೊಳ್ಳೋರು. ಅದು ನೆನಪಾಗಿ ನಾನು ಕಿಟಕಿ ಕಡೆ ನೋಡ್ತಾ ಕೂತೆ.

ಕೊನೆಗೆ ಬೆಲೆ ಕೇಳಿದೆ. 'ಈಗಿರೋ ಹಾಗೆ ಮಾರಿದ್ರೆ ಗೋಡೆಗೆ ನೇತು ಹಾಕೋಕೆ ಯಾರಾದ್ರೂ ನಾಲ್ಕು ಸಾವಿರ ಕೊಟ್ಟಾರು. ರಿಪೇರಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ' ಅಂದ್ರು. ನೂರು ವರ್ಷದ್ದು ಮೇಷ್ಟ್ರೇ ಅಂದೆ. ನೂರು ವರ್ಷದ್ದೇ, ಆದರೆ ಅಂಥವು ಎಷ್ಟಿವೆ ಅನ್ನೋದು ಲೆಕ್ಕ ಅಂದ್ರು. ಆಗ ಯೂರೋಪು, ಅಮೆರಿಕದಲ್ಲಿ ಮ್ಯಾಂಡೊಲಿನ್ ಹುಚ್ಚು ಹಿಡಿದಿತ್ತಂತೆ. ಊರೂರಲ್ಲಿ ಮ್ಯಾಂಡೊಲಿನ್ ಗುಂಪು, ಹೆಂಗಸರು ಮಕ್ಕಳಾದಿ ಕಲಿತವರೇ. ಕಾರ್ಖಾನೆಗಳು ಬೇಕಾಬಿಟ್ಟಿ ಮಾಡಿದ್ವು. ಆಮೇಲೆ ಜನ ಬೇರೆ ವಾದ್ಯದ ಕಡೆ ಹೋದ್ರು, ಬುರುಡೆಗಳೆಲ್ಲ ಅಟ್ಟ ಸೇರಿದ್ವು. ಈಗಲೂ ಅಲ್ಲಿ ಯಾರದೋ ಅಜ್ಜಿ ಮನೆ ಖಾಲಿ ಮಾಡಿದಾಗೆಲ್ಲ ಒಂದು ಈಚೆ ಬರುತ್ತೆ, ನೂರಿನ್ನೂರು ಯೂರೋಗೆ ಹೋಗುತ್ತೆ.

ನಮಗೆ ಇದು ಬಿಡಿಸಿ ಹೇಳ್ಬೇಕಾ? 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೇಜಿ ಕ್ರೇಟು ಎರಡು ಸಾವಿರ ದಾಟ್ತು. ಅದೇ ತಳಿ, ಅದೇ ಗೊಬ್ಬರ, ಅದೇ ಕೈ, ಬೇರೆ ವರ್ಷದಲ್ಲಿ ರಸ್ತೆಗೆ ಸುರಿದಿದ್ದೀವಿ. ಹಣ್ಣು ಕೆಟ್ಟದ್ದು ಅಂತಲ್ಲ.

ಹಾಗಾದ್ರೆ ಲಕ್ಷ ಬಾಳೋದು ಇಲ್ಲವೇ ಇಲ್ವಾ ಅಂತ ಕೇಳಿದೆ. ಇವೆ. ನೇಪಲ್ಸ್‌ನ ವಿನಾಚ್ಚಾ, ಕಲಾಚೆ ಮನೆತನದವರು ಮಾಡಿದ್ದು, ರೋಮ್‌ನ ಎಂಬರ್ಗರ್ ಮಾಡಿದ್ದು ಸಿಕ್ಕಿದ್ರೆ ಬುರುಡೆಗೂ ಒಳ್ಳೇ ಬೆಲೆ. ಎಲ್ಲಕ್ಕಿಂತ ಮೇಲೆ ಅಮೆರಿಕದ ಗಿಬ್ಸನ್ ಕಂಪನಿಯ ಎಫ್-5 ಅನ್ನೋದು. ಅದರಲ್ಲೂ 1922ರಿಂದ 1924ರ ಒಳಗೆ ಲಾಯ್ಡ್ ಲೋರ್ ಅನ್ನೋರು ಪರೀಕ್ಷೆ ಮಾಡಿ ಒಳಗಿನ ಚೀಟಿಗೆ ಸಹಿ ಹಾಕಿದ್ದು. ಅಂಥವು ಲಕ್ಷ ಡಾಲರ್ ದಾಟಿ ಮಾರಾಟ ಆಗಿವೆ. ಆದರೆ ಅದು ಬುರುಡೆಯೇ ಅಲ್ಲ. ಪಿಟೀಲಿನ ಹಾಗೆ ಚಪ್ಪಟೆ ಉಬ್ಬು, ಎರಡು ಕಡೆ ಉದ್ದ ತೂತು, ಭುಜದ ಹತ್ರ ಬಸವನಹುಳದ ಹಾಗೆ ಸುರುಳಿ. ಹತ್ತು ಅಡಿ ದೂರದಿಂದಲೇ ಬೇರೆ ಅಂತ ಗೊತ್ತಾಗುತ್ತೆ. ಮ್ಯಾಂಡೊಲಿನ್‌ಗೆ ಲಕ್ಷ ಅನ್ನೋ ಮಾತು ಇಂಥವುಗಳಿಂದ ಹುಟ್ಟಿ, ಯಾರ ಬಾಯಿಂದ ಯಾರ ಬಾಯಿಗೋ ದಾಟಿ, ನಮ್ಮತ್ತೆ ಮಗಳ ಮದುವೆ ಪಂಕ್ತಿಗೆ ಬಂದು ಕೂತಿತ್ತು.

ಹೊರಡೋಣ ಅಂತ ಎದ್ದೆ. ಪೆಟ್ಟಿಗೆ ಒಳಗಿನ ಮಕಮಲ್ ಬಟ್ಟೆ ಕಿತ್ತು ಬಂದಿತ್ತು, ಅದನ್ನ ಎತ್ತಿ ನೋಡ್ತಿದ್ದ ಮೇಷ್ಟ್ರು 'ಇದು ನಿಮ್ಮದಾ?' ಅಂತ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಕೊಟ್ರು. ಬಿಚ್ಚಿ ನೋಡಿದೆ. 1979ರ ಭಾಗದ ಚೀಟಿ. ನಮ್ಮಪ್ಪನ ಅಕ್ಷರ. ನಾಲ್ಕನೇ ಕ್ಲಾಸು ಓದಿದ್ದರೂ ಅಕ್ಷರ ಮಣಿ ಪೋಣಿಸಿದ ಹಾಗೆ, ನಾನು ಎಲ್ಲಿ ನೋಡಿದ್ರೂ ಗುರುತು ಹಿಡೀತೀನಿ. ಎತ್ತು ಜೊತೆ 1, ರೂ. 1,450. ಹಸು ಕರು, ರೂ. 700. ದೊರೆ ವಾದ್ಯ 1, ರೂ. 150. ಆ 150ರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ 50 ಅಂತ ಬರೆದು, ಅಪ್ಪ ತನ್ನ ಚಿಕ್ಕ ಸಹಿ ಹಾಕಿದ್ದ. ಕೆಳಗೆ, ನಾನು ನನ್ನ ತಮ್ಮನಿಗೆ ಕೊಡತಕ್ಕ ನಗದು ರೂ. 350. ಇಬ್ಬರ ಸಹಿ, ಪಂಚರ ಸಹಿ.

ರೈಲಲ್ಲಿ ಕೂತು ಆ ಲೆಕ್ಕ ಎಷ್ಟು ಸಲ ಹಾಕಿದ್ನೋ. ವಾದ್ಯ 150 ಅಂತ ಪಂಚರು ಕಟ್ಟಿದ್ದೇ ಇದ್ದಿದ್ರೆ ಒಟ್ಟು 2,300, ತಲಾ 1,150, ಅಪ್ಪ ಕೈಯಿಂದ ಕೊಡಬೇಕಾದ್ದು 300. 50 ಅಂತ ಇಳಿಸಿದ್ದಕ್ಕೆ ಒಟ್ಟು 2,200, ತಲಾ 1,100, ಅಪ್ಪ ಕೊಟ್ಟದ್ದು 350. ವಾದ್ಯದ ಬೆಲೆ ಇಳಿಸಿ ಅಪ್ಪ ತಾನೇ ಐವತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದಾನೆ. 1979ರಲ್ಲಿ ಐವತ್ತು ರೂಪಾಯಿ ಅಂದ್ರೆ ಸಣ್ಣದಲ್ಲ ನಮ್ಮಂಥ ಮನೆಗೆ. ತಮ್ಮ ನುಡಿಸೋ ಸಾಮಾನು, ಅದಕ್ಕೇನು ಅಷ್ಟು ಬೆಲೆ ಕಟ್ಟೋದು ಅಂದಿರಬೇಕು. ಇಲ್ಲಾ ಬೇರೆ ಏನಾದ್ರೂ ಕಾರಣ ಇತ್ತೋ, ಕೇಳೋಣ ಅಂದ್ರೆ ಇಬ್ಬರೂ ಇಲ್ಲ. ಎಂಟು ವರ್ಷ ಆದಮೇಲೆ ಅದೇ ಅಪ್ಪ ಪಂಕ್ತೀಲಿ ಕೂತು ಟೋಪಿ ಹಾಕ್ದ ಅಂದಿದ್ದು. ಚಿಕ್ಕಪ್ಪನಾದ್ರೂ ಆ ಚೀಟಿ ತಂದು ಮುಖಕ್ಕೆ ಹಿಡೀಬಹುದಿತ್ತಲ್ಲ? ಬಟ್ಟೆ ಹಿಂದೆ ಇಟ್ಟು ಸುಮ್ಮನಿದ್ದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಬಂಗಾರಪೇಟೆ ಬಂದಿದ್ದು ಗೊತ್ತಾಗದೆ ಇನ್ನೇನು ಕೆಜಿಎಫ್ ಕಡೆ ಹೊರಟೋಗ್ತಿದ್ದೆ, ಪಕ್ಕದವರು ಎಬ್ಬಿಸಿದ್ರು.

ವಾದ್ಯ ಅಲ್ಲೇ ರಿಪೇರಿಗೆ ಬಿಟ್ಟು ಬಂದಿದ್ದೆ. ಮೇಷ್ಟ್ರು ಕೇಳಿದ್ದು 5,800. ಮಾರಿದ್ರೆ ಬರೋದಕ್ಕಿಂತ ಜಾಸ್ತಿ, ಲೆಕ್ಕ ಬಂದವರು ಮಾಡೋ ಕೆಲಸ ಅಲ್ಲ. ಮುರಿದಿದ್ದು ನಮ್ಮ ಮನೇಲಿ, ಅದಕ್ಕೇ ಒಪ್ಪಿಕೊಂಡೆ. ಬಾಯಿ ಬಿಟ್ಟ ಕಡೆ ಸರೇಸು ಹಾಕಿ ಸೇರಿಸಿದ್ರು. ಪ್ಲಾಸ್ಟಿಕ್ ಡಬ್ಬೀಲಿ ಬರೋ ಬಿಳಿ ಅಂಟು ಹಾಕಿದ್ರೆ ಮುಂದೆ ಇನ್ನೊಬ್ಬ ಬಿಚ್ಚಿ ರಿಪೇರಿ ಮಾಡೋಕಾಗಲ್ಲವಂತೆ, ಸರೇಸು ಬಿಸಿ ನೀರಿಗೆ ಬಿಡುತ್ತೆ. ಕುಸಿದ ಹಲಗೆಗೆ ಒಳಗಿಂದ ಒಂದು ಅಡ್ಡಪಟ್ಟಿ ಕೊಟ್ಟಿದ್ದಾರೆ. ಒಂದು ತಿಂಗಳು ಹಿಡೀತು.

ಮೊನ್ನೆ ಗುರುವಾರ ತಗೊಂಡು ಸೀದಾ ಚಿಕ್ಕಮ್ಮನ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ರು. ಬೆಲೆ ಹೇಳಿದೆ. 'ನಾಲ್ಕು ಸಾವ್ರನಾ?' ಅಂದ್ರು. ಹೂಂ ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ನಗೋಕೆ ಶುರು ಮಾಡಿದ್ರು, ನಕ್ಕೂ ನಕ್ಕೂ ಕೆಮ್ಮು ಬಂತು, ಸೊಸೆ ನೀರು ತಂದು ಕೊಟ್ಟಳು. ಚೀಟಿ ತೆಗೆದು ಓದಿದೆ. ಇನ್ನೊಂದು ಸಲ ಓದು ಅಂದ್ರು. ಓದಿದೆ. 'ಭಾವ ಬರ್ದಿದ್ದಾ ಅದು? ಅವರ ಕೈಯಲ್ಲೇ?' ಅಂತ ಕಾಗದ ಇಸ್ಕೊಂಡು ತಡವಿ ನೋಡಿದ್ರು. ಓದೋಕೆ ಬರಲ್ಲ ಅವರಿಗೆ. 'ಇವರು ನನಗೂ ಹೇಳ್ಲಿಲ್ಲ ನೋಡು' ಅಂದ್ರು ಅಷ್ಟೇ.

ತಂತಿ ಎಷ್ಟು ಹಾಕ್ಸಿದೀಯ ಅಂತ ಕೇಳಿದ್ರು. ನಾಲ್ಕು, ತೆಳುವಾದ್ದು ಅಂದೆ. ಸರಿ ಅಂದ್ರು. ಮಾರೋ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಮೊಮ್ಮಗಳು ಎಂಟನೇ ಕ್ಲಾಸು, ಪೆಟ್ಟಿಗೆ ತೆಗೆದು ಟಿಂಗ್ ಟಿಂಗ್ ಅನ್ನಿಸ್ತಾ ಕೂತಿದ್ದಳು. ಕಲಿಸೋರು ಯಾರಾದ್ರೂ ನಮ್ಮ ಕಡೆ ಇದ್ರೆ ಹೇಳಿ, ಬಂಗಾರಪೇಟೆ ಆದ್ರೂ ಪರವಾಗಿಲ್ಲ.

ಎದ್ದು ಬರುವಾಗ ರಿಪೇರಿಗೆ ಎಷ್ಟಾಯ್ತು ಅಂದ್ರು. ಬಿಡಿ ಚಿಕ್ಕಮ್ಮ ಅಂದೆ. ಬಿಡಲಿಲ್ಲ. ಹೇಳಿದೆ. ಸೆರಗಿನ ಗಂಟು ಬಿಚ್ಚಿ, ಒಳಗೆ ಹೋಗಿ ಇನ್ನೂ ಸ್ವಲ್ಪ ತಂದು, 2,900 ಎಣಿಸಿ ಕೈಗೆ ಕೊಟ್ರು. 'ಅರ್ಧ ಅಂತ ನಾನೇ ಅಂದಿದ್ದಲ್ವಾ' ಅಂದ್ರು. ಇಸ್ಕೊಂಡೆ.

ಬೆಳಗ್ಗೆ ನಾಲ್ಕಕ್ಕೆ ಗಾಡಿ ಬರುತ್ತೆ, ಮಾರ್ಕೆಟ್‌ಗೆ 40 ಕ್ರೇಟು ತುಂಬಿಸಬೇಕು. ಎಲೆ ಮುದುರು ರೋಗದ್ದು ಮುಂದಿನ ವಾರ ಖಂಡಿತ ಬರೀತೀನಿ.